ನಾಚಿಕೆಯನ್ನೂ ಜೊತೆಗೇ ಕರೆತನ್ನಿ

ನಾಚಿಕೆಯೇ ಹೆಣ್ಣಿಗೆ ಒಡವೆ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ಓದುಗ ಸೋದರಿಯರಲ್ಲಿ ಯಾರಾದರೂ ಇದ್ದಾರೆಯೇ? ಇರಲಾರರು. ಹುಡುಗಿಯ ನಗು ನಡುಮನೆಗೆ ಕೇಳಬಾರದು, ಮಾತು ಬೀದಿಗೆ ಕೇಳಬಾರದು ಎಂದು ಹೇಳಿಸಿಕೊಂಡೇ ನಾವೆಲ್ಲ ದೊಡ್ಡವರಾದದ್ದು. ಈಗ ಕಾಲ ಬದಲಾಗಿದೆ. ಅಂದು ಸುಮ್ಮನಿರು ಎಂದ ಜನವೇ ಇಂದು, "ಇಷ್ಟು ಚೆನ್ನಾಗಿ ಅಡಿಗೆ ಮಾಡ್ತೀರಲ್ಲ, ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬಾರದೇನ್ರೀ?" ಎನ್ನುತ್ತಾರೆ. ನಲವತ್ತು ವರ್ಷ ಕೊರಳಲ್ಲಿದ್ದ ಒಡವೆಯನ್ನು ಒಂದೇ ದಿನದಲ್ಲಿ ಬಿಚ್ಚಿಡು ಎಂದರೆ ಹೇಗೆ ಹೇಳಿ?

ಮಾತಿನಲ್ಲಿ ಗಟ್ಟಿಗಿತ್ತಿಯರಾದವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಅವರು ಈಗಾಗಲೇ ಐವತ್ತು ವಿಡಿಯೋ ಹಾಕಿ ಮುಗಿಸಿರುತ್ತಾರೆ! ಅರಿಶಿನ ಕುಂಕುಮಕ್ಕೆ ಹೋದಾಗ "ಒಂದು ಹಾಡು ಹೇಳಮ್ಮಾ" ಎಂದೊಡನೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವವರು, ಮದುವೆಮನೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋಗುವವರು ಇದ್ದಾರಲ್ಲ, ಈ ನಾಲ್ಕು ಮಾತು ಅವರಿಗೆ. ನಾನೂ ಅದೇ ಗುಂಪಿಗೆ ಸೇರಿದವಳು. ಆದ್ದರಿಂದ ಸಂಕೋಚವಿಲ್ಲದೆ ಹೇಳಬಲ್ಲೆ.

ಮೊದಲಿಗೆ, ವಿಡಿಯೋ ಯಾಕೆ ಬೇಕು ಎಂಬ ಪ್ರಶ್ನೆ. ಅಡಿಗೆಯನ್ನು ಬರೆದಿಟ್ಟರೆ ಸಾಲದೇ? ಸಾಲದು. ನಮ್ಮ ತಾಯಿ ಒಂದು ನೋಟ್‌ಬುಕ್ಕಿನಲ್ಲಿ ತಮಗೆ ತಿಳಿದದ್ದನ್ನೆಲ್ಲ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಎಣ್ಣೆ ಕಲೆಯ ಆ ಹಾಳೆಗಳಲ್ಲಿ ಒಬ್ಬಟ್ಟಿನ ಪುಟ ತೆಗೆದರೆ ಹೀಗಿದೆ: "ಬೇಳೆ ಹದವಾಗಿ ಬೇಯಿಸುವುದು. ಬೆಲ್ಲ ಹದಕ್ಕೆ ಹಾಕುವುದು. ಕಣಕ ಹದವಾಗಿ ನಾದುವುದು." ಮೂರು ಸಾಲು, ಮೂರು ಸಲ ಹದ! ಆ ಹದ ಯಾವುದು ಎಂದು ಎಲ್ಲಿಯೂ ಬರೆದಿಲ್ಲ. ಬರೆಯಲು ಬರುವುದೂ ಇಲ್ಲ ನೋಡಿ. ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಪುಡಿಯಾಗಬೇಕು, ಆದರೆ ಕಟ್ಟಿನಲ್ಲಿ ಕರಗಿ ಹೋಗಿರಬಾರದು. ಕಣಕ ಕಿವಿಯ ಹಾಲೆಯಷ್ಟು ಮೆತ್ತಗಿದ್ದು, ಎಳೆದರೆ ಹರಿಯದೆ ಬರಬೇಕು. ಇದನ್ನು ಕಣ್ಣಿನಿಂದ ನೋಡಬೇಕು, ಕೈಯಿಂದ ಕಲಿಯಬೇಕು.

ಅಮ್ಮನ ಕೈಯನ್ನು ತೋರಿಸುವ ಒಂದು ಚಿತ್ರವೂ ನಮ್ಮ ಹತ್ತಿರ ಇಲ್ಲ. ಮನೆಯ ಆಲ್ಬಂಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲದರಲ್ಲೂ ಅವರು ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲ ಮರೆಯಲ್ಲಿ. ಯಾರಾದರೂ ಫೋನ್ ಹಿಡಿದರೆ "ನನ್ನನ್ನೇನು ಹಿಡೀತೀರೇ, ಮಕ್ಕಳನ್ನ ಹಿಡೀರಿ" ಎಂದು ಸರಿದುಬಿಡುತ್ತಿದ್ದರು. ನಾಚಿಕೆ ಅವರಿಗೂ ಒಡವೆಯಾಗಿತ್ತು. ಆ ಒಡವೆಯ ಬೆಲೆ ಏನೆಂದು ಈಗ ತಿಳಿಯುತ್ತಿದೆ. ಅವರ ದನಿ ಹೇಗಿತ್ತು ಎಂದು ನಾಳೆ ನನ್ನ ಮೊಮ್ಮಗು ಕೇಳಿದರೆ, ಕೇಳಿಸಲು ನನ್ನಲ್ಲಿ ಏನೂ ಇಲ್ಲ.

ಹೋದ ಯುಗಾದಿಗೆ ಪುಣೆಯಲ್ಲಿ ಕೆಲಸದಲ್ಲಿರುವ ಮಗಳಿಗೆ ರಜೆ ಸಿಗಲಿಲ್ಲ. ಹಿಂದಿನ ದಿನ ಫೋನ್ ಮಾಡಿ, "ಅಮ್ಮಾ, ಕಣಕಕ್ಕೆ ಎಣ್ಣೆ ಎಷ್ಟು ಹಾಕ್ಲಿ?" ಎಂದಳು.

"ಹಿಡಿಯೋವಷ್ಟು ಹಾಕೇ."

"ಹಿಡಿಯೋವಷ್ಟು ಅಂದ್ರೆ ಎಷ್ಟಮ್ಮಾ? ಹೇಳಿದ್ರೆ ಗೊತ್ತಾಗಲ್ಲ. ನೀನು ಮಾಡೋದನ್ನ ವಿಡಿಯೋ ಮಾಡಿ ಕಳ್ಸು."

ಆಗ ಅಮ್ಮನ ನೋಟ್‌ಬುಕ್ಕು ಕಣ್ಣಮುಂದೆ ಬಂತು. ನನ್ನ ಮಗಳಿಗೂ ಬರೀ 'ಹದ' ಎಂಬ ಪದವೊಂದೇ ಉಳಿಯಬೇಕೇ? ಹಾಗೆ ಶುರುವಾದದ್ದು ನನ್ನ ವಿಡಿಯೋ ವ್ಯವಸಾಯ.

ಶುರುವೇನೋ ಆಯಿತು, ಎದೆ ಡವಡವ ನಿಲ್ಲಬೇಕಲ್ಲ! ಅಡಿಗೆಮನೆಯಲ್ಲಿ ನಾನೊಬ್ಬಳೇ, ಎದುರಿಗೆ ಅಂಗೈಯಗಲದ ಫೋನು. ಆದರೂ ಊರಿಗೆ ಊರೇ ಕಿಟಕಿಯಲ್ಲಿ ಇಣುಕುತ್ತಿರುವಂತೆ ಅನಿಸುತ್ತದೆ. ಇದು ನಮ್ಮ ನಿಮ್ಮಂಥವರ ಹುಚ್ಚಲ್ಲ, ಎಲ್ಲ ಮನುಷ್ಯರ ಸ್ವಭಾವವಂತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವಂಥ, ಒಬ್ಬ ಗಾಯಕನ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಜನರಿದ್ದ ಕೋಣೆಯೊಳಗೆ ಕಳಿಸಿದರು. "ಎಷ್ಟು ಮಂದಿ ನಿನ್ನ ಅಂಗಿಯ ಚಿತ್ರ ಗಮನಿಸಿರಬಹುದು?" ಎಂದರೆ, ಹತ್ತಿರ ಹತ್ತಿರ ಅರ್ಧದಷ್ಟು ಜನ ಎಂದರು ಆ ವಿದ್ಯಾರ್ಥಿಗಳು. ನಿಜವಾಗಿ ಗಮನಿಸಿದ್ದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ! ನಮ್ಮ ರವಿಕೆಯ ತೋಳು ಸ್ವಲ್ಪ ಸಡಿಲ, ಹಿಂದಿನ ಗೋಡೆಗೆ ಸುಣ್ಣ ಹೋಗಿದೆ ಎಂದು ನಾವು ಬೇಯುತ್ತಿರುತ್ತೇವೆ. ನೋಡುವವರು ಬಾಣಲೆಯಲ್ಲಿ ಏನಿದೆ ಎಂದು ನೋಡುತ್ತಿರುತ್ತಾರೆ.

ಇನ್ನು ಮುಖ ಮತ್ತು ದನಿಯ ವಿಚಾರ. "ವಿಡಿಯೋದಲ್ಲಿ ನನ್ನ ಮುಖ ಸೊಟ್ಟಗೆ ಕಾಣುತ್ತೆ, ದನಿ ಕೀರಲು" ಎಂದು ಹೇಳದ ಹೆಂಗಸಿಲ್ಲ. ನಾವು ದಿನವೂ ನೋಡುವುದು ಕನ್ನಡಿಯ ಮುಖವನ್ನು, ಅಂದರೆ ಎಡಬಲ ತಿರುಗಿದ ಮುಖವನ್ನು. ಲೋಕ ನೋಡುವುದು ತಿರುಗದ ಮುಖವನ್ನು. 1977ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹೆಂಗಸರಿಗೆ ಅವರದೇ ಎರಡು ಬಗೆಯ ಚಿತ್ರಗಳನ್ನು ತೋರಿಸಿದಾಗ, ಹೆಚ್ಚಿನವರು ಕನ್ನಡಿಯ ರೂಪವನ್ನು ಮೆಚ್ಚಿದರಂತೆ. ಅವರ ಗೆಳತಿಯರು ಮೆಚ್ಚಿದ್ದು ಇನ್ನೊಂದನ್ನು! ನಮಗೆ ಸೊಟ್ಟ ಎನಿಸಿದ ಮುಖವೇ ನಮ್ಮವರಿಗೆ ಒಗ್ಗಿದ ಮುಖ. ದನಿಯೂ ಹಾಗೆಯೇ. ನಾವು ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಯ ಮೂಳೆಗಳ ಮೂಲಕವೂ ಕಿವಿಗೆ ಹೋಗುತ್ತದೆ. ಅದಕ್ಕೇ ನಮಗೆ ನಾವು ಗಂಭೀರವಾಗಿ ಕೇಳಿಸುತ್ತೇವೆ. ರೆಕಾರ್ಡಿನಲ್ಲಿ ಮೂಳೆಯ ಪಾಲು ಇರದ ಕಾರಣ ತೆಳುವಾಗಿ ಕೇಳಿಸುತ್ತದೆ. ಆ ತೆಳು ದನಿಯಲ್ಲೇ ತಾನೇ ಇಷ್ಟು ವರ್ಷ ಮಕ್ಕಳನ್ನು ಊಟಕ್ಕೆ ಕರೆದದ್ದು? ಅವರೇನೂ ಬರುವುದನ್ನು ನಿಲ್ಲಿಸಲಿಲ್ಲವಲ್ಲ.

ಇಷ್ಟು ತಿಳಿದ ಮೇಲೂ ನಾಚಿಕೆ ಹೋಗುವುದಿಲ್ಲ, ನಿಜ. ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ನಾಚಿಕೆ ಹೋದ ಮೇಲೆ ಶುರುಮಾಡುತ್ತೇನೆ ಎಂದು ಕೂತರೆ ಜನ್ಮದಲ್ಲಿ ಆಗುವುದಿಲ್ಲ. ಹೆದರಿದ್ದರಿಂದ ದೂರ ಉಳಿದಷ್ಟೂ ಹೆದರಿಕೆ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಹತ್ತಿರ ಹೋದಷ್ಟೂ ಇಳಿಯುತ್ತದೆ. ಆದ್ದರಿಂದ ಅದನ್ನೂ ಜೊತೆಗೇ ಕರೆತಂದು ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣೆ ಹಾಕಿ ಕೂರಿಸಿ, ನೀವು ಕೆಲಸ ಶುರುಮಾಡಿ. ನಾನು ಹೋದ ದಾರಿಯ ಮೆಟ್ಟಿಲುಗಳನ್ನು ಹೇಳುತ್ತೇನೆ.

ಮೊದಲನೆಯದು, ಬರೀ ಕೈ ತೋರಿಸಿ. ಮುಖವೂ ಬೇಡ, ಮಾತೂ ಬೇಡ. ಒಂದೇ ಎತ್ತರದ ಎರಡು ದೊಡ್ಡ ಡಬ್ಬಗಳನ್ನಿಟ್ಟು, ಅವುಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಡಿ. ಫೋನನ್ನು ಹಲಗೆಯ ಮೇಲೆ ಮಲಗಿಸಿ, ಕ್ಯಾಮೆರಾ ಇರುವ ತುದಿ ಮಾತ್ರ ಅಂಚಿನಿಂದ ಆಚೆ ಬರಲಿ. ಫೋನು ಜಾರದಂತೆ ಇನ್ನೊಂದು ತುದಿಯ ಮೇಲೆ ಸಣ್ಣದೊಂದು ಹೆಸರುಬೇಳೆ ಪೊಟ್ಟಣ ಹೇರಿ. ಕೆಳಗೆ ತಟ್ಟೆಯಲ್ಲಿ ಕಣಕ ನಾದಿದರೆ ಕೈ ಮಾತ್ರ ಚೊಕ್ಕವಾಗಿ ಕಾಣುತ್ತದೆ. ಒಲೆಯ ಹತ್ತಿರ ಈ ಹಲಗೆ ಬೇಡಿ, ಕಟ್ಟೆಯ ಮೇಲೆ ಸಾಕು. ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ಕಿಟಕಿಗೆ ಬೆನ್ನು ಹಾಕಿದರೆ ಎಲ್ಲ ಕಪ್ಪು. ಕ್ಯಾಮೆರಾದ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ನಮ್ಮ ಫೋನುಗಳ ಮೇಲೆ ತುಪ್ಪದ ಬೆರಳು ಇರುವುದೇ ಹೆಚ್ಚು. ಮಧ್ಯದಲ್ಲಿ ಕರೆ ಬರದಂತೆ ಏರೋಪ್ಲೇನ್ ಮೋಡಿಗೆ ಹಾಕಿ.

ಎರಡನೆಯದು, ದನಿ. ಕೆಲಸ ಮಾಡುತ್ತಲೇ ಮಾತನಾಡಬೇಕೆಂದಿಲ್ಲ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಫ್ಯಾನು ಆರಿಸಿ, ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಕೂತು ಮಾತನ್ನು ಪ್ರತ್ಯೇಕವಾಗಿ ಸೇರಿಸಬಹುದು. ಬಟ್ಟೆಯಿರುವ ಕೋಣೆಯಲ್ಲಿ ಮಾರ್ದನಿ ಬರುವುದಿಲ್ಲ. ಪೂರ್ತಿ ವಾಕ್ಯಗಳನ್ನು ಬರೆದು ಓದಬೇಡಿ, ಪಾಠ ಒಪ್ಪಿಸಿದಂತಾಗುತ್ತದೆ. ಚೀಟಿಯಲ್ಲಿ ಬೇಳೆ, ಬೆಲ್ಲ, ಕಣಕ, ತಟ್ಟುವುದು ಎಂದು ನಾಲ್ಕು ಪದ ಇದ್ದರೆ ಸಾಕು. ದನಿಯೊಂದೇ ಆದರೆ ಏನು ಸೊಗಸು ಎನ್ನುವಿರಾ? 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ ಕಾಲದಿಂದ ಎಷ್ಟು ಮಂದಿಯ ದನಿಯನ್ನು ಕನ್ನಡಿಗರು ಮನೆಮಾತು ಮಾಡಿಕೊಂಡಿಲ್ಲ! ಅವರ ಮುಖ ಹೇಗಿದೆ ಎಂದು ಕೇಳಿದವರು ಯಾರು?

ಮೂರನೆಯದು, ಒಬ್ಬರ ಜೊತೆ ಮಾತನಾಡಿ. "ನಮಸ್ಕಾರ ವೀಕ್ಷಕರೇ" ಎಂದೊಡನೆ ನನಗೆ ಗಂಟಲು ಕಟ್ಟುತ್ತದೆ. ಈ ವೀಕ್ಷಕರು ಯಾರೋ ಎಂತೋ! ನಾನು ಕ್ಯಾಮೆರಾದ ಪಕ್ಕದಲ್ಲಿ ಮಗಳ ಪಾಸ್‌ಪೋರ್ಟ್ ಅಳತೆಯ ಫೋಟೋ ಅಂಟಿಸಿ, "ನೋಡು ಪುಟ್ಟಿ, ಈಗ ಬೆಲ್ಲ ಕರಗ್ತಾ ಇದೆ" ಎಂದು ಅವಳಿಗೇ ಹೇಳಿದೆ. ಒಬ್ಬಳಿಗೆ ಹೇಳಿದ ಮಾತು ನೂರು ಜನಕ್ಕೂ ಹಿಡಿಸುತ್ತದೆ. ಕೇಳುವ ಪ್ರತಿಯೊಬ್ಬರಿಗೂ ಅದು ತಮಗೇ ಹೇಳಿದಂತೆ ಇರುತ್ತದೆ.

ನಾಲ್ಕನೆಯದು, ಮುಖ. ಇದು ಒಂದು ತಿಂಗಳಾದ ಮೇಲೆ ಬಂದರೂ ಸರಿ, ಎಂದೂ ಬಾರದಿದ್ದರೂ ಸರಿ. ತೋರಿಸುವುದಾದರೆ ಸೆಲ್ಫಿ ಕ್ಯಾಮೆರಾ ಬಿಟ್ಟು ಹಿಂದಿನ ಕ್ಯಾಮೆರಾದಲ್ಲಿ ತೆಗೆಯಿರಿ. ಆಗ ನಮ್ಮ ಮುಖ ನಮಗೆ ಕಾಣುವುದಿಲ್ಲ, ಕೂದಲು ಸರಿಮಾಡಿಕೊಳ್ಳುವ ಕಾಟ ತಪ್ಪುತ್ತದೆ. ತೆಗೆದದ್ದನ್ನು ಅಂದೇ ನೋಡಬೇಡಿ. ಮಾರನೆಯ ದಿನ ಕಾಫಿ ಕುಡಿದು, ಬೇರೆ ಯಾರದೋ ಎಂಬಂತೆ ನೋಡಿ.

ಐದನೆಯದು, ತೋರಿಸುವುದು. ಯೂಟ್ಯೂಬಿನಲ್ಲಿ ಮೂರು ಬಗೆಯುಂಟು. ಪಬ್ಲಿಕ್ ಎಂದರೆ ಎಲ್ಲರಿಗೂ, ಪ್ರೈವೇಟ್ ಎಂದರೆ ನೀವು ಕರೆದವರಿಗೆ ಮಾತ್ರ, ಅನ್‌ಲಿಸ್ಟೆಡ್ ಎಂದರೆ ಲಿಂಕ್ ಇದ್ದವರಿಗೆ ಮಾತ್ರ. ಮೊದಲ ನಾಲ್ಕೈದು ವಿಡಿಯೋಗಳನ್ನು ಅನ್‌ಲಿಸ್ಟೆಡ್ ಮಾಡಿ ಮನೆಯವರಿಗೆ, ಇಬ್ಬರು ಗೆಳತಿಯರಿಗೆ ಕಳಿಸಿ. ಅವರಿಂದ ಮೆಚ್ಚುಗೆಯ ಬದಲು, "ಎಲ್ಲಿ ಅರ್ಥವಾಗಲಿಲ್ಲ?" ಎಂಬುದನ್ನು ಕೇಳಿ. ನನ್ನ ಮಗಳು "ಬೇಳೆ ಹಿಸುಕೋದು ಹತ್ತಿರದಿಂದ ಕಾಣಿಸ್ಲಿಲ್ಲ" ಎಂದಳು. ಮುಂದಿನ ಸಲ ಒಂದು ಡಬ್ಬ ಇಳಿಸಿದೆ, ಅಷ್ಟೆ.

ಮನೆಯವರ ಮಾತನ್ನೂ ಹೇಳದಿದ್ದರೆ ಕಥೆ ಪೂರ್ತಿಯಾಗದು. ನಮ್ಮವರು ಹಲಗೆ, ಡಬ್ಬ ನೋಡಿ, "ಏನೇ ಇದು, ಸೇತುವೆ ಕಟ್ಟಿದ್ದೀಯಾ?" ಎಂದು ನಕ್ಕರು. ನಕ್ಕವರೇ ಹಲಗೆ ಅಲುಗದಂತೆ ಕೆಳಗೆ ಮಡಿಸಿದ ಪೇಪರ್ ಇಟ್ಟುಕೊಟ್ಟರು. ಹತ್ತಿರದ ನೆಂಟರೊಬ್ಬರು, "ಈ ವಯಸ್ಸಲ್ಲಿ ಇದೆಲ್ಲ ಬೇಕಾಗಿತ್ತಾ?" ಎಂದದ್ದು ಸುತ್ತಿ ಬಳಸಿ ಕಿವಿಗೆ ಬಿತ್ತು. ಎರಡು ದಿನ ಮನಸ್ಸು ಚಿಕ್ಕದಾಯಿತು, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಒಬ್ಬಟ್ಟು ತಟ್ಟುತ್ತಾ ಫೋನಿನೊಡನೆ ಮಾತನಾಡುತ್ತಿದ್ದಾಗ, ಎಂಬತ್ತು ದಾಟಿದ ನಮ್ಮತ್ತೆ ಬಾಗಿಲಲ್ಲಿ ನಿಂತು, "ಯಾರ ಹತ್ರ ಮಾತಾಡ್ತಿದ್ದೀಯೇ?" ಎಂದರು.

"ಪುಣೇಲಿರೋ ನಿಮ್ಮ ಮೊಮ್ಮಗಳ ಹತ್ರ ಅತ್ತೆ."

"ಹಂಗಾದ್ರೆ ಕಣಕಕ್ಕೆ ಚಿಟಿಕೆ ಉಪ್ಪು ಮರೀಬೇಡ ಅಂತ ಹೇಳು. ಕಾವಲಿ ಕಾಯೋ ಮುಂಚೆ ಹಾಕ್ಬೇಡ ಅಂತಾನೂ ಹೇಳು."

ಆ ಮಾತು ಹಾಗೆಯೇ ವಿಡಿಯೋದಲ್ಲಿ ಸೇರಿಹೋಯಿತು. ತೆಗೆದುಹಾಕೋಣವೇ ಎಂದು ಮಗಳನ್ನು ಕೇಳಿದರೆ, "ಅದನ್ನ ಮಾತ್ರ ತೆಗೀಬೇಡಮ್ಮಾ, ನಾನು ಅದನ್ನೇ ನಾಲ್ಕು ಸಲ ಕೇಳ್ದೆ" ಎಂದಳು. ಈಗ ಅತ್ತೆಯವರ ದನಿ ನಮ್ಮಲ್ಲಿದೆ. ನೆಂಟರ ಮಾತಿನ ನೋವು ಅಲ್ಲಿಗೆ ಇಳಿಯಿತು.

ವಯಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಾವೆಲ್ಲ ಓದಿ ಬೆಳೆದ ಎಂ.ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಪಕ್ಕದ ಆಂಧ್ರದ ಹಳ್ಳಿಯ ಅಜ್ಜಿ ಮಸ್ತಾನಮ್ಮನವರನ್ನು ಯೂಟ್ಯೂಬಿನಲ್ಲಿ ನೋಡಿದವರು ನಿಮ್ಮಲ್ಲೂ ಇರಬಹುದು. ನೂರು ದಾಟಿದವರೆಂದು ಹೇಳಲಾಗುತ್ತಿದ್ದ ಆಕೆ 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದುವರೆಗೂ ಬಯಲಿನಲ್ಲಿ ಸೌದೆ ಒಲೆ ಹೂಡಿ ಅಡಿಗೆ ಮಾಡುವ ಅವರ ವಿಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಿದ್ದರು. ಇನ್ನೊಂದು ಸಂಗತಿ ಕೇಳಿ. 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಹಾಕಿದ ಮೊಟ್ಟಮೊದಲ ವಿಡಿಯೋದ ಉದ್ದ ಬರೀ 19 ಸೆಕೆಂಡು. ಅದನ್ನು ಕಟ್ಟಿದವರಲ್ಲೊಬ್ಬರಾದ ಜಾವೇದ್ ಕರೀಂ, ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ ಎಂದು ತಡವರಿಸುತ್ತಾ ಹೇಳುವುದಷ್ಟೇ ಅದರಲ್ಲಿರುವುದು! ಶುರುವಿಗೆ ಇದಕ್ಕಿಂತ ಹೆಚ್ಚಿನದು ಬೇಕೇ?

ಕೆಲವು ಎಚ್ಚರಿಕೆಯ ಮಾತುಗಳು. ಮನೆಯ ನಂಬರು, ಬೀದಿಯ ಹೆಸರು, ಫೋನ್ ನಂಬರು, ಮಕ್ಕಳ ಶಾಲೆಯ ಸಮವಸ್ತ್ರ ವಿಡಿಯೋದಲ್ಲಿ ಬಾರದಿರಲಿ. ಊರಿಗೆ ಹೋಗುವ ಸುದ್ದಿಯನ್ನು ಹೋಗಿ ಬಂದ ಮೇಲೆ ಹೇಳಿ. ಕಾಮೆಂಟುಗಳನ್ನು ಪೂರ್ತಿ ಮುಚ್ಚಿಡಬಹುದು, ಇಲ್ಲವೇ ನೀವು ಓದಿ ಒಪ್ಪಿದ ಮೇಲೆ ಕಾಣುವಂತೆ ಮಾಡಬಹುದು. ಮೊದಲ ದಿನಗಳಲ್ಲಿ ಮುಚ್ಚಿಡುವುದೇ ಲೇಸು. ಕೆಟ್ಟ ಮಾತು ಬರೆದವನಿಗೆ ಉತ್ತರ ಕೊಡಲು ಹೋಗದೆ ಬ್ಲಾಕ್ ಮಾಡಿ. ಹೆದರಿಸಿದರೆ, ಚಿತ್ರ ತಿರುಚಿದರೆ ಅದರ ಪ್ರತಿ ತೆಗೆದಿಟ್ಟುಕೊಂಡು ದೂರು ಕೊಡಿ. ಸೈಬರ್ ಅಪರಾಧದ ಸಹಾಯವಾಣಿ 1930. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಂಗಸರಿಗೆ, ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಪ್ರತ್ಯೇಕ ವಿಭಾಗವಿದೆ.

"ದುಡ್ಡು ಬರುತ್ತಂತಲ್ಲ?" ಎನ್ನುವವರಿಗೆ: ಬರುತ್ತದೆ, ಆದರೆ ದೂರದ ದಾರಿ. ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಸಿಗಲು 1,000 ಚಂದಾದಾರರು ಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ ಜನ 4,000 ಗಂಟೆ ನಿಮ್ಮ ವಿಡಿಯೋ ನೋಡಿರಬೇಕು, ಇಲ್ಲವೇ ಪುಟ್ಟ ಶಾರ್ಟ್ಸ್ ವಿಡಿಯೋಗಳನ್ನು 90 ದಿನದಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಸಂಕೋಚದವರು ಈ ಲೆಕ್ಕ ಹಿಡಿದು ಹೊರಟರೆ ಎರಡೇ ವಾರದಲ್ಲಿ ಕೈಚೆಲ್ಲುತ್ತಾರೆ. ನನ್ನ ವಿಡಿಯೋಗಳನ್ನು ನೋಡುವವರು ಈವರೆಗೂ ನೂರು ದಾಟಿಲ್ಲ. ಅವರಲ್ಲಿ ಒಬ್ಬ ಹುಡುಗಿ, ಯಾರೋ ಏನೋ, "ನಮ್ಮಮ್ಮ ಇಲ್ಲ ಆಂಟಿ, ನಿಮ್ಮದನ್ನ ನೋಡಿ ಮೊದಲ ಸಲ ಒಬ್ಬಟ್ಟು ಮಾಡ್ದೆ, ಹರೀಲಿಲ್ಲ" ಎಂದು ಬರೆದಿದ್ದಳು. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನೊಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ನಾಚಿಕೆ ಬೇರೆ, ಕಾಯಿಲೆಯಂಥ ಭಯ ಬೇರೆ. ಅಂಗಡಿಗೆ ಹೋಗಲು, ಫೋನ್ ಎತ್ತಲು, ನಾಲ್ವರ ಜೊತೆ ಊಟಕ್ಕೆ ಕೂರಲು ಸಹ ಮೈ ನಡುಗುವುದಾದರೆ, ಅದು ವಿಡಿಯೋದಿಂದ ಹೋಗುವಂಥದ್ದಲ್ಲ. ವೈದ್ಯರಲ್ಲಿ ಹೇಳಿಕೊಳ್ಳಿ. 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ಉಳಿದ ನಾವೆಲ್ಲ ಬರೀ ನಾಚಿಕೆಯವರು. ನಮ್ಮ ಕೈಯಲ್ಲಿ ಒಂದೊಂದು ಹದ ಕೂತಿದೆ. ಒಬ್ಬರಿಗೆ ಉಪ್ಪಿನಕಾಯಿಯದು, ಒಬ್ಬರಿಗೆ ರಂಗೋಲಿಯ ಎಳೆಯದು, ಇನ್ನೊಬ್ಬರಿಗೆ ಮಗುವಿಗೆ ಎಣ್ಣೆ ನೀರು ಹಾಕುವುದು. ಅದು ನಮ್ಮೊಡನೆಯೇ ಹೋಗಬೇಕೇ, ಉಳಿಯಬೇಕೇ ಎಂಬುದಷ್ಟೇ ಪ್ರಶ್ನೆ. ಈ ಸಂಚಿಕೆಯನ್ನು ಮಡಿಸಿಟ್ಟು, ನಾಳೆ ಬೆಳಗಿನ ಅಡಿಗೆಯಲ್ಲಿ ನಿಮ್ಮ ಕೈ ಏನು ಮಾಡುತ್ತದೋ ಅದನ್ನು ಎರಡೇ ನಿಮಿಷ ಹಿಡಿಯಿರಿ. ಮಾತು ಬೇಡ, ಮುಖ ಬೇಡ. ನಿಮ್ಮವರು ಒಬ್ಬರಿಗೆ ಕಳಿಸಿ. ನಾಚಿಕೆ ಮೂಲೆಯ ಮಣೆಯ ಮೇಲೆ ಕೂತು ನೋಡುತ್ತಿರಲಿ ಬಿಡಿ, ಅದಕ್ಕೂ ಒಂದು ಒಬ್ಬಟ್ಟು ಕೊಟ್ಟರಾಯಿತು!